ಅಪ್ಪನ ಅಡ್ಡಣಿಗೆ

ಚಳ್ಳಕೆರೆಯ ನಮ್ಮ ನಡುಮನೆಯಲ್ಲಿ ಗಂಡಸರು ಉಣ್ಣಲು ಕೂರುವ ಸಾಲಿನಲ್ಲಿ ಮೂರು ಅಡ್ಡಣಿಗೆಗಳಿದ್ದವು. ಈಗಿನವರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ಮೂರು ಕಾಲಿನ, ಗೇಣೆತ್ತರದ ಪುಟ್ಟ ಪೀಠ ಅದು. ಊಟದ ತಟ್ಟೆಯನ್ನು ಅದರ ಮೇಲಿಡುತ್ತಾರೆ. ತಟ್ಟೆಗೆ ಬಿದ್ದದ್ದು ಪ್ರಸಾದ, ಪ್ರಸಾದವನ್ನು ನೆಲದ ಮೇಲಿಡಬಾರದು ಎನ್ನುವುದು ನಮ್ಮಂಥ ಲಿಂಗವಂತರ ಮನೆಗಳ ನಡಾವಳಿ. ಅಜ್ಜನದೂ ದೊಡ್ಡಪ್ಪನದೂ ಹಿತ್ತಾಳೆಯವು, ಹುಣಸೆಹಣ್ಣು ಹಾಕಿ ತಿಕ್ಕಿದರೆ ಮುಖ ಕಾಣುವಂಥವು. ಅಪ್ಪನದು ಮಾತ್ರ ಮರದ್ದು. ಅಪ್ಪ ಹುಡುಗನಾಗಿದ್ದಾಗ ತನ್ನ ಹಿತ್ತಾಳೆಯ ಅಡ್ಡಣಿಗೆಯನ್ನು ತಳಕಿನ ಹೊಲದ ಬಾವಿಗೆ ಒಯ್ದು, ತಲೆಕೆಳಗು ಮಾಡಿ, ದೋಣಿ ಎಂದು ನೀರಿಗೆ ಬಿಟ್ಟನಂತೆ. ಅದು ಒಂದು ಗಳಿಗೆಯೂ ನಿಲ್ಲದೆ ತಳ ಸೇರಿತು. ಅಜ್ಜ ಹೊಡೆಯಲಿಲ್ಲ. ಬಡಗಿಯನ್ನು ಕರೆಸಿ, ಈ ಸಲ ಮುಳುಗದಂಥದ್ದು ಮಾಡಿಕೊಡು ಎಂದು ತೇಗದ್ದು ಮಾಡಿಸಿಕೊಟ್ಟರು. ಅದರ ಒಂದು ಕಾಲು ಕೂದಲೆಳೆಯಷ್ಟು ಗಿಡ್ಡ. ತಟ್ಟೆ ಇಟ್ಟರೆ ಸಾರು ಒಂದು ಕಡೆಗೆ ವಾಲುತ್ತಿತ್ತು. ಅಪ್ಪ ಅದಕ್ಕೆಂದೂ ಕಾಗದ ಮಡಚಿ ಕೊಡಲಿಲ್ಲ. ಹಡಗಿನ ಊಟ ಹೀಗೇ ಇರುತ್ತದೆ, ಅಭ್ಯಾಸ ತಪ್ಪಬಾರದು ಎನ್ನುತ್ತಿದ್ದ.

ವರ್ಷದಲ್ಲಿ ಹತ್ತು ತಿಂಗಳು ಅಪ್ಪ ಮನೆಯಲ್ಲಿ ಇರುತ್ತಿರಲಿಲ್ಲ. ಆದರೂ ಎರಡು ಹೊತ್ತೂ ಅಜ್ಜಿ ಆ ಅಡ್ಡಣಿಗೆಯನ್ನು ಸಾಲಿನಲ್ಲಿ ಅದರ ಜಾಗಕ್ಕೆ ಇಡುತ್ತಿದ್ದಳು, ತಟ್ಟೆಯಿಲ್ಲದೆ, ಬರಿದೇ. ಬಡಿಸುವಾಗ ಅಲ್ಲಿಗೆ ಬಂದು ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದಳು. ನಾನು ಆಗ ಇದನ್ನು ಪ್ರೀತಿ ಎಂದುಕೊಂಡಿರಲಿಲ್ಲ. ಅಜ್ಜಿ ಸೆಂಟಿಮೆಂಟಲ್ ಹೆಂಗಸಲ್ಲ. ಸಾಲು ಎಂದರೆ ಸಾಲು, ಅದರಲ್ಲಿ ಹಲ್ಲುಬಿದ್ದ ಸಂದು ಇರಬಾರದು, ಅಷ್ಟೇ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಆ ಜಾಗದ ಕಥೆ. ಅದನ್ನು ಹೇಳಬೇಡ ಎಂದು ನಮ್ಮವರೇ ಹೇಳಿದ್ದಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮನೆಗೆ ಅಂಟಿಕೊಂಡೇ ನಮ್ಮ ಎಣ್ಣೆ ಮಿಲ್ಲು. ಮಿಲ್ಲು ಓಡುವಾಗ ನಡುಮನೆಯ ಕಂಬಗಳಿಗೆ ಬೆನ್ನು ಕೊಟ್ಟರೆ ಹಲ್ಲು ಜುಮ್ಮೆನ್ನುತ್ತಿತ್ತು. ಹಿತ್ತಲಲ್ಲಿ ಶೇಂಗಾ ಹೊಟ್ಟಿನ ಗುಡ್ಡ. ನಮ್ಮ ಸೀರೆ, ಲಂಗ, ಪುಸ್ತಕ, ದೇವರ ಮನೆಯ ಬತ್ತಿ, ಎಲ್ಲಕ್ಕೂ ಒಂದೇ ವಾಸನೆ. ಹಾಲಿಡೇಸ್ ಮುಗಿಸಿ ಬಳ್ಳಾರಿಯ ಕಾನ್ವೆಂಟಿಗೆ ವಾಪಸ್ ಹೋದಾಗ ಡಾರ್ಮಿಟರಿಯ ಹುಡುಗಿಯರು ನನ್ನ ಟ್ರಂಕು ತೆಗೆದು ಮೂಸಿ, ಆ್ಯನಿ ಬಂದಳು, ಹುರಿದ ಕಡ್ಲೆಕಾಯಿ ಬಂತು ಎಂದು ನಗುತ್ತಿದ್ದರು. ಅನ್ನಪೂರ್ಣ ಎನ್ನುವ ನನ್ನ ಹೆಸರು ನನ್‌ಗಳ ಬಾಯಲ್ಲಿ ಆ್ಯನಿ ಆಗಿತ್ತು. ಮನೆಯಲ್ಲಿ ಎಣ್ಣೆಗೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ನೀರಿಗೆ. ಮುಖ ತೊಳೆದ ನೀರನ್ನು ತುಳಸಿಗೆ ಹಾಕುತ್ತಿದ್ದೆವು. ಕೆರೆ ಎನ್ನುವುದು ಊರಿನ ಹೆಸರಿನಲ್ಲಿ ಇದ್ದಷ್ಟು ಊರಿನಲ್ಲಿ ಇರಲಿಲ್ಲ.

ಅಂಥ ಊರಿನ ಹುಡುಗ ನೇವಿಗೆ ಹೋದದ್ದು ಹೇಗೆ ಎಂದು ಜನ ನನ್ನನ್ನು ಈಗಲೂ ಕೇಳುತ್ತಾರೆ. ತಳಕಿನ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ಬಿಟ್ಟರೆ ಅಪ್ಪನಿಗೆ ನೀರಿನ ಪರಿಚಯವೇ ಇರಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಪೇಪರಿನಲ್ಲಿ ಒಂದು ನೋಟೀಸು ನೋಡಿ, ಮನೆಗೆ ಬೇರೆ ಯಾವುದೋ ಪರೀಕ್ಷೆ ಎಂದು ಹೇಳಿ, ಹೋಗಿ ಬರೆದ. ಜೀವಮಾನದಲ್ಲಿ ಅಪ್ಪ ಹೇಳಿದ ಸುಳ್ಳು ಅದೊಂದೇ ಎಂದು ಅವ್ವ ಹೇಳುತ್ತಿದ್ದಳು. ದೇಶಕ್ಕೆ ಆಗಷ್ಟೇ ಸ್ವಾತಂತ್ರ್ಯ ಬಂದಿತ್ತು. ಇಂಗ್ಲಿಷ್ ಆಫೀಸರರು ಒಬ್ಬೊಬ್ಬರಾಗಿ ಪೆಟ್ಟಿಗೆ ಕಟ್ಟುತ್ತಿದ್ದರು. ಅಪ್ಪನಿಗೆ ಮೊದಲು ಸಿಕ್ಕ ಕ್ಯಾಬಿನ್ನಿನ ಬಾಗಿಲಲ್ಲಿ ಅವನ ಹೊಸ ಹೆಸರುಫಲಕದ ಆಚೀಚೆ ಹಳೆಯ, ದೊಡ್ಡ ಫಲಕದ ಸ್ಕ್ರೂ ತೂತುಗಳು ಹಾಗೇ ಇದ್ದವಂತೆ. ಆ ತೂತು ಮುಚ್ಚುವಷ್ಟು ದೊಡ್ಡವನಾಗಬೇಕು ಅನ್ನಿಸಿತು ಎಂದು ನನಗೆ ಹೇಳಿದ್ದ. ಪಂಚಾಕ್ಷರಪ್ಪ ಎನ್ನುವ ಹೆಸರು ಯಾರ ನಾಲಿಗೆಗೂ ಹೊರಳದೆ ಅಲ್ಲಿ ಅವನು ಪಂಚ್ ಆದ. ದಿಕ್ಕು ಮತ್ತು ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್. ಮಧ್ಯ ಸಮುದ್ರದಲ್ಲಿ ನಿಂತು, ನಾವು ಈಗ ಇಲ್ಲಿದ್ದೇವೆ ಎಂದು ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುವುದು ಅವನ ಕೆಲಸ.

ಅಜ್ಜ ಇದನ್ನು ಕೆಲಸ ಎಂದು ಒಪ್ಪಿರಲಿಲ್ಲ. ಅವರ ಲೆಕ್ಕದಲ್ಲಿ ಇಬ್ಬರು ಮಕ್ಕಳು ಎಂದರೆ ಮಿಲ್ಲಿಗೆ ಎರಡು ಕೈ. ಒಂದು ಕೈ ಸಮುದ್ರದಲ್ಲಿ ಅಲೆಯುತ್ತಿದೆ, ಇವತ್ತಲ್ಲ ನಾಳೆ ಬುದ್ಧಿ ಬಂದು ಮರಳುತ್ತದೆ ಎಂದೇ ಅವರು ನಂಬಿದ್ದರು. ನನ್ನನ್ನು ಕಾನ್ವೆಂಟಿಗೆ ಹಾಕಿದ್ದೂ ಅಪ್ಪನ ಹಟವೇ. ಹೆಣ್ಣುಹುಡುಗಿಗೆ ಪಾದ್ರಿಗಳ ಶಾಲೆಯೇ ಎಂದು ಅಜ್ಜಿ ಎರಡು ದಿನ ಮಾತು ಬಿಟ್ಟಿದ್ದಳು. ಅವ್ವ ನನ್ನ ಟ್ರಂಕು ತುಂಬಿದಳು. ಅವ್ವ ಮೊಳಕಾಲ್ಮುರಿನವಳು, ಸೀರೆ ವ್ಯಾಪಾರದವರ ಮಗಳು. ಅವಳ ತವರಿನಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಯಾವುದೇ ಬಟ್ಟೆ ಕೈಗೆ ಸಿಕ್ಕರೂ ಅಂಚನ್ನು ಹೆಬ್ಬೆರಳಿನಿಂದ ತೀಡಿ ನೋಡುವ ಅಭ್ಯಾಸ ಅವಳಿಗೆ. ಜಗಳದ ಹೊತ್ತಿನಲ್ಲಿ ಅವಳು "ಪೋನೀ" ಎಂದು ಸೆರಗಿನ ಅಂಚು ತೀಡುತ್ತ ಒಳಗೆ ಹೋಗುತ್ತಿದ್ದಳು. ಹೋಗಲಿ ಬಿಡು ಎಂದು ಅದರರ್ಥ. ಅವಳು ಎಲ್ಲವನ್ನೂ ಬಿಟ್ಟುಬಿಡುವವಳು ಎಂದು ಮನೆಯವರೆಲ್ಲ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ನನಗೆ ಹತ್ತು ವರ್ಷವಿದ್ದ ಬೇಸಿಗೆಯಲ್ಲಿ ಅಪ್ಪ ರಜೆಗೆ ಬಂದ. ಬಸ್ಸಿನಿಂದ ಇಳಿಯುವಾಗಲೇ ಕುಣಿಯುವಂತಿದ್ದ. ರಜೆ ಮುಗಿದ ಕೂಡಲೇ ಇಂಗ್ಲೆಂಡಿಗೆ ಹೋಗಬೇಕಿತ್ತು. ಅಲ್ಲಿ ನಮ್ಮ ದೇಶ ಕೊಂಡಿದ್ದ ಒಂದು ಹಳೆಯ ಹಡಗನ್ನು ರಿಪೇರಿ ಮಾಡಿಸಿ, ನಮ್ಮ ಬಾವುಟ ಏರಿಸಿ, ನಮ್ಮವರೇ ನಡೆಸಿಕೊಂಡು ಬರಬೇಕು. ದಾರಿ ತೋರುವವನು ಅಪ್ಪ. ಇದಕ್ಕಾಗಿ ಅವನು ವರ್ಷಗಟ್ಟಲೆ ಕಾದಿದ್ದ. ಇದೆಲ್ಲ ಹೇಳುವಾಗ ಅವನ ಕೊರಳಿನ ಎಡಗಡೆಗೆ, ಅಂಗಿಯ ಕಾಲರಿನ ಸಂದಿಯಲ್ಲಿ, ಬರೆ ಎಳೆದಂಥ ಒಂದು ಕೆಂಪು ಗೆರೆ ಕಾಣುತ್ತಿತ್ತು. ಅವ್ವ ಅದನ್ನು ನೋಡಿದಳು.

ಮರುದಿನ ಬೆಳಿಗ್ಗೆ ಪೂಜೆ. ನಮ್ಮಲ್ಲಿ ಪೂಜೆ ಎಂದರೆ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಕರಡಿಗೆ ಎನ್ನುವ ಪುಟ್ಟ ಡಬ್ಬಿಯಿಂದ ತೆಗೆದು, ಎಡಗೈಯ ಅಂಗೈ ಮೇಲಿಟ್ಟು, ನೀರೆರೆದು, ವಿಭೂತಿ ಧರಿಸಿ, ಅದನ್ನೇ ದಿಟ್ಟಿಸುತ್ತ ಕೂರುವುದು. ಗಂಡಸರೆನ್ನದೆ ಹೆಂಗಸರೆನ್ನದೆ ಎಲ್ಲರಿಗೂ ಹುಟ್ಟಿದ ಕೆಲವು ದಿನಕ್ಕೇ ನಮ್ಮ ಗುರುಗಳಾದ ಅಯ್ಯನವರು ಲಿಂಗ ಕಟ್ಟುತ್ತಾರೆ. ಸಾಯುವವರೆಗೆ ಅದು ಮೈಬಿಟ್ಟು ಹೋಗಬಾರದು. ಸತ್ತ ಮೇಲೂ ಎಡಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಅಂದು ನಾನು ನನ್ನ ಅಂಗೈ ನೋಡುವುದು ಬಿಟ್ಟು, ತಿಂಗಳುಗಟ್ಟಲೆ ಕಾಣದ ಅಪ್ಪನನ್ನು ನೋಡುತ್ತ ಕೂತಿದ್ದೆ. ಅಜ್ಜನ ಅಂಗೈಯಲ್ಲಿ ಲಿಂಗವಿತ್ತು. ದೊಡ್ಡಪ್ಪನ ಅಂಗೈಯಲ್ಲಿತ್ತು. ಅಪ್ಪನೂ ಅವರಂತೆಯೇ ಬೆನ್ನು ನೆಟ್ಟಗೆ ಮಾಡಿ, ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಮೇಲೆ ನೀರೆರೆದು, ಅದನ್ನೇ ದಿಟ್ಟಿಸುತ್ತ ಕೂತಿದ್ದ. ಅಂಗೈ ಬರಿದಾಗಿತ್ತು. ನೀರು ಗೆರೆಗಳಲ್ಲಿ ನಿಂತು ಹೊಳೆಯುತ್ತಿತ್ತು.

ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಒಂದೇ, ಕಂಡದ್ದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳು ಎಂದು. ಹೇಳಿಬಿಟ್ಟೆ.

"ಅಪ್ಪಾ, ನಿಂದೆಲ್ಲಿ?"

ಅಪ್ಪ ಕೈ ಇಳಿಸಲಿಲ್ಲ. ನನ್ನ ಕಡೆ ತಿರುಗಿ, ಕೇಳಿದ್ದು ಒಳ್ಳೆಯದಾಯಿತು ಎನ್ನುವಂತೆ ತಲೆಯಾಡಿಸಿದ.

"ಸಮುದ್ರದಾಗೆ ಹೋಯ್ತು ಮಗಾ."

ಆದದ್ದು ಇಷ್ಟು. ಕೊಚ್ಚಿಯ ಆಚೆ ಗಾಳಿ ಎದ್ದಿದ್ದ ದಿನ, ಎಂಜಿನ್ ರೂಮಿನಲ್ಲಿ ಕೆಲಸ ಮಾಡುವ ಒಬ್ಬ ಹಡಗಿನ ಅಂಚಿನಿಂದ ನೀರಿಗೆ ಬಿದ್ದ. ಹಗ್ಗ ಎಸೆದರೆ ಹಿಡಿಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅಪ್ಪ ಧುಮುಕಿದ. ಮುಳುಗುತ್ತಿದ್ದವನು ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಅಪ್ಪನ ಕೊರಳಿನಲ್ಲಿ ಲಿಂಗ ಕಟ್ಟಿದ್ದ ಶಿವದಾರ. ಅದರಿಂದಲೇ ಅವನ ತಲೆ ನೀರಿನ ಮೇಲೆ ಬಂತು. ದೋಣಿ ಹತ್ತಿರ ಬರುವ ಹೊತ್ತಿಗೆ ದಾರ ಹರಿದಿತ್ತು. ಮನುಷ್ಯ ಉಳಿದ, ಲಿಂಗ ಹೋಯಿತು. ಅಪ್ಪ ಇದನ್ನು ಹಡಗಿನಲ್ಲಿ ವರದಿ ಒಪ್ಪಿಸುವ ಹಾಗೆ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ, ಹೇಳಿ ಮುಗಿಸಿದ. ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಲಿಂಗ ಕಳೆದುಕೊಂಡವನು ಬದುಕಿರಬಾರದು ಎನ್ನುವ ಕಾಲದವಳು ಅವಳು.

"ಲಿಂಗ ಹೋದ್ಮ್ಯಾಲೆ ಜೀವ ಇಟ್ಕಂಡು ಬಂದ್ಯಾ?"

"ಒಂದಲ್ಲ ಅವ್ವಾ, ಎರಡು ಜೀವ ಇಟ್ಕಂಡು ಬಂದೆ."

"ಅವನ್ಯಾರು? ಯಾವ ಜನ?"

"ಕೇಳಲಿಲ್ಲ. ಅಲ್ಲಿ ಬಾಯಿ ತೆಗೆದ್ರೆ ಉಪ್ಪುನೀರು ಒಳಕ್ಕೆ ಹೋಗ್ತೈತೆ."

ದೊಡ್ಡಪ್ಪ ಕೆಟ್ಟವರಲ್ಲ. ಅವರಿಗೆ ಎಲ್ಲವೂ ಸಲೀಸಾಗಿ ಮುಗಿಯಬೇಕು, ಅಷ್ಟೇ. ಅಪ್ಪನನ್ನು ಪಡಸಾಲೆಗೆ ಕರೆದೊಯ್ದು ಪಿಸುಗುಟ್ಟಿದ್ದು ನನಗೆ ಕಂಬದ ಹಿಂದಿನಿಂದ ಕೇಳಿಸಿತು.

"ಅಲ್ಲಲೇ ಪಂಚಾ, ಬೊಂಬಾಯಾಗೆ ಒಂದು ತಗಂಡು ಕಟ್ಕಂಡು ಬರಬಾರದಾ? ಯಾರು ಬಿಚ್ಚಿ ನೋಡ್ತಿದ್ರು?"

"ಹಡಗಿನಾಗೆ ಒಂದು ಪುಸ್ತಕ ಐತಣ್ಣಾ. ಆದದ್ದನ್ನ ಆದಂಗೆ ಬರೀಬೇಕು, ಅಳಿಸಂಗಿಲ್ಲ. ಬರ್ದು ಬರ್ದು ಅದೇ ರೂಢಿ ಆಗೈತೆ."

ಆ ಪುಸ್ತಕದ ಹೆಸರು ಲಾಗ್‌ಬುಕ್. ನನಗೆ ಆ ದಿನಗಳಲ್ಲಿ ಅದರ ಮೇಲೆ ಅಸಾಧ್ಯ ಸಿಟ್ಟಿತ್ತು, ನನ್ನ ಮೇಲೆ ಅದಕ್ಕಿಂತ ಹೆಚ್ಚು. ಕಾನ್ವೆಂಟಿನ ಕ್ಯಾಥೊಲಿಕ್ ಹುಡುಗಿಯರು ತಪ್ಪು ಮಾಡಿದರೆ ಶನಿವಾರ ಫಾದರ್ ಹತ್ತಿರ ಹೋಗಿ ಒಪ್ಪಿಕೊಂಡು, ಮೂರು ಪ್ರೇಯರ್ ಹೇಳಿ, ಕುಂಟೆಬಿಲ್ಲೆ ಆಡಲು ಓಡುತ್ತಿದ್ದರು. ನಮ್ಮ ಮನೆಯಲ್ಲಿ ಅಂಥ ಸೌಕರ್ಯ ಇರಲಿಲ್ಲ.

ಅಯ್ಯನವರನ್ನು ಕರೆಸಿದರು. ತಳಕಿನಿಂದ ಸೈಕಲ್ ತುಳಿದುಕೊಂಡು ಬಂದ ಮುದುಕರು, ಬೆವರು ಒರೆಸಿಕೊಂಡು ಎಲ್ಲ ಕೇಳಿ, ಮಜ್ಜಿಗೆ ಕುಡಿದು, ಮನುಷ್ಯನನ್ನು ಉಳಿಸಲು ಹೋದಾಗ ಹೋಗಿದೆ, ತಪ್ಪೇನಿಲ್ಲ, ನಾಳೆಯೇ ಇನ್ನೊಂದು ಕಟ್ಟೋಣ ಎಂದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಅಜ್ಜ ಕೈ ಎತ್ತಿ ತಡೆದರು. ಎಷ್ಟೋ ವರ್ಷದಿಂದ ಕಾದು ಕೂತವರಿಗೆ ಬಾಗಿಲು ತಾನಾಗಿ ತೆರೆದಿತ್ತು. ಕಟ್ಟಿ, ಆದರೆ ಇನ್ನು ಹಡಗು ಹತ್ತುವುದಿಲ್ಲ ಎಂದು ಇವನು ನಿಮ್ಮ ಪಾದ ಮುಟ್ಟಿ ಹೇಳಲಿ, ಆಮೇಲೆ ಕಟ್ಟಿ ಎಂದರು. ಮತ್ತೆ ನೀರಿಗೆ ಹೋಗುವವನಿಗೆ ಲಿಂಗ ಕಟ್ಟಿದರೆ ಮತ್ತೆ ಕಳೆಯುತ್ತಾನೆ, ಅದು ಲಿಂಗಕ್ಕೆ ಮಾಡುವ ಅವಮಾನ ಎನ್ನುವುದು ಅವರ ವಾದ. ಅಯ್ಯನವರು ಅಜ್ಜನ ಮುಖ ನೋಡಿದರು, ಅಪ್ಪನ ಮುಖ ನೋಡಿದರು. ನಮ್ಮ ಅಜ್ಜನ ಮಾತು ಮೀರುವಷ್ಟು ಧೈರ್ಯ ಅವರಿಗೂ ಇರಲಿಲ್ಲ. ಅಪ್ಪ ಎದ್ದು ನಿಂತ. ಅಜ್ಜನ ಎದುರು ಅವನು ದನಿ ಏರಿಸಿದ್ದನ್ನು ನಾನು ಎಂದೂ ಕೇಳಿಲ್ಲ, ಅವತ್ತೂ ಏರಿಸಲಿಲ್ಲ.

"ದಾರ ಕಟ್ರಿ ಅಪ್ಪಾಜಿ. ಕಾಲು ಕಟ್ಟಬ್ಯಾಡ್ರಿ."

"ಹಂಗಾರೆ ದಾರಾನೂ ಇಲ್ಲ. ಸಾಲಿನಾಗೆ ಜಾಗಾನೂ ಇಲ್ಲ," ಎಂದರು ಅಜ್ಜ.

ಹೀಗೆ ಅದು ನಿಂತಿತು. ಒಂದು ಕಡೆ ಇಂಗ್ಲೆಂಡಿನಲ್ಲಿ ಕಾಯುತ್ತಿರುವ ಹಡಗು, ಇನ್ನೊಂದು ಕಡೆ ಮೂರು ಕಾಲಿನ ಗೇಣೆತ್ತರದ ಪೀಠ. ಅಪ್ಪನಿಗೆ ರಜೆ ಉಳಿದಿದ್ದು ಹದಿನೈದು ದಿನ. ಅಂದು ಮಧ್ಯಾಹ್ನ ಅಜ್ಜಿ ಮರದ ಅಡ್ಡಣಿಗೆಯನ್ನು ಸೆರಗಿನಿಂದ ಒರೆಸಿ, ಅಟ್ಟದ ಮೇಲೆ ಹಳೆಯ ಮೊರಗಳ ಹಿಂದೆ ಇಡಿಸಿದಳು. ಉಳಿದ ಎರಡನ್ನು ಹತ್ತಿರಕ್ಕೆ ಸರಿಸಿದಳು, ಸಂದು ಕಾಣದ ಹಾಗೆ. ಅಪ್ಪನಿಗೆ ಪಡಸಾಲೆಯಲ್ಲಿ, ಬೀದಿ ಬಾಗಿಲ ಪಕ್ಕ, ಪಿಂಗಾಣಿ ತಟ್ಟೆಯಲ್ಲಿ ಊಟ. ಹೊಟ್ಟು ತುಂಬಲು ಬರುವ ಗಾಡಿಯವರಿಗೆ, ಕುರಿ ಮೇಯುವ ಕಾವಲಿನಿಂದ ಉಣ್ಣೆ ತರುವ ಕುರಿಗಾರರಿಗೆ ಬಡಿಸುವ ತಟ್ಟೆ ಅದು. ಅಪ್ಪ ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ದೊಡ್ಡಉಳ್ಳಾರ್ತಿಯ ಕುರಿಗಾರನೊಬ್ಬ ಅಲ್ಲೇ ಕೂತಿದ್ದ. ಅವನ ಜೊತೆ ಮಳೆ ಬರುವ ಗಾಳಿ ಯಾವುದು, ಬಾರದ ಗಾಳಿ ಯಾವುದು ಎಂದು ಹರಟುತ್ತ ಮುದ್ದೆ ಮುರಿದ. ಆ ಕುರಿಗಾರನ ಗಾಳಿಯ ಲೆಕ್ಕ ನಮ್ಮ ಬ್ಯಾರೋಮೀಟರಿಗಿಂತ ಚೊಕ್ಕ ಎಂದು ಆಮೇಲೆ ನನಗೆ ಹೇಳಿದ. ಊಟ ಮುಗಿದ ಮೇಲೆ ನಮ್ಮ ರೂಢಿಯಂತೆ ತಟ್ಟೆಗೆ ನೀರು ಹಾಕಿ ತೊಳೆದು ಆ ನೀರನ್ನು ಕುಡಿದ. ಪ್ರಸಾದದ ಒಂದು ಅಗುಳೂ ಉಳಿಸಬಾರದು ಎನ್ನುವ ಆ ರೂಢಿಯನ್ನು ಸಾಲಿನಿಂದ ಎಬ್ಬಿಸಿದ ಮೇಲೂ ಅವನು ಬಿಡಲಿಲ್ಲ. ಬರಿಯ ಅಂಗೈಯ ಪೂಜೆಯನ್ನೂ ಬಿಡಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ದಿನವೂ ಅದು ನಡೆಯಿತು.

ಎರಡು ದಿನ ಹೀಗೇ ಕಳೆಯಿತು. ಬೀದಿಯಲ್ಲಿ ಹೋಗುವವರೆಲ್ಲ ನೋಡಿದರು. ಬಂಧುಗಳು ಬಂದು, ಹಟ ಬಿಡಪ್ಪಾ, ತಂದೆ ಮಾತು ಕೇಳು, ಮಿಲ್ಲು ನಿನ್ನದೇ ಅಲ್ಲವೇ ಎಂದರು. ಮೂರನೆಯ ದಿನ ಮಧ್ಯಾಹ್ನ ಅವ್ವ ಎಂದಿನಂತೆ ಬಡಿಸುತ್ತಿದ್ದಳು. ನಮ್ಮ ಮನೆಯಲ್ಲಿ ಗಂಡಸರೆಲ್ಲ ಎದ್ದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಅತ್ತೆ, ಕಡೆಗೆ ಅಡಿಗೆಮನೆಯ ಮೂಲೆಯಲ್ಲಿ ಸೊಸೆಯರು. ಅಂದು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಹುರಳಿಕಟ್ಟಿನ ಸಾರು. ಅಜ್ಜನ ತಟ್ಟೆಗೆ ಎರಡನೆಯ ರೊಟ್ಟಿ ಹಾಕಿದಳು. ದೊಡ್ಡಪ್ಪನ ತಟ್ಟೆಗೆ ಹಾಕಿದಳು. ಹೊರಗೆ ಹೋಗಿ ಅಪ್ಪನ ತಟ್ಟೆಗೆ ಹಾಕಿ ಬಂದಳು. ಆಮೇಲೆ ರೊಟ್ಟಿಯ ಬುಟ್ಟಿಯನ್ನು ಅಜ್ಜನ ಕೈಗೆಟುಕುವಂತೆ ಇಟ್ಟು, ಒಳಗೆ ಹೋಗಿ ತನ್ನ ತಟ್ಟೆ ತಂದು, ಅದರಲ್ಲಿ ಒಂದು ರೊಟ್ಟಿ, ಸ್ವಲ್ಪ ಚಟ್ನಿ ಹಾಕಿಕೊಂಡು, ಗಂಡಸರಿನ್ನೂ ಉಣ್ಣುತ್ತಿರುವಾಗಲೇ ನಡುಮನೆಯನ್ನು ದಾಟಿ ಪಡಸಾಲೆಗೆ ನಡೆದಳು. ಸೆರಗಿನ ಅಂಚು ತೀಡುತ್ತಿರಲಿಲ್ಲ. ಅಜ್ಜಿ ಅಡಿಗೆಮನೆಯ ಬಾಗಿಲಿಂದ ಕರೆದಳು.

"ಎಲ್ಲಿಗೇ ಹೊಂಟೆ?"

"ನಂಗೂ ಹಸಿವಾಗೈತೆ ಅತ್ತೆಮ್ಮಾ."

ಅಷ್ಟೇ ಹೇಳಿದ್ದು. ಅಪ್ಪನ ಪಕ್ಕದಲ್ಲಿ, ಬೀದಿಗೆ ಕಾಣುವ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಮುರಿದಳು. ನಮ್ಮ ಮನೆಯ ಸೊಸೆ ಗಂಡನ ಜೊತೆ ಕೂತು, ಮಾವ ಏಳುವ ಮೊದಲು, ಬೀದಿ ಬಾಗಿಲಲ್ಲಿ ಉಂಡದ್ದು ಅದೇ ಮೊದಲು. ನಡುಮನೆಯಲ್ಲಿ ಅಜ್ಜ ಕೆಂಪಗಾದರು. ಬೇರೆ ಯಾವ ಮನೆಯ ಯಜಮಾನನಾದರೂ ತಟ್ಟೆ ನೂಕಿ ಎದ್ದು ಹೋಗುತ್ತಿದ್ದ. ನಮ್ಮ ಅಜ್ಜ ಏಳುವಂತಿರಲಿಲ್ಲ. ತಟ್ಟೆಯಲ್ಲಿ ಪ್ರಸಾದವಿತ್ತು. ಅದನ್ನು ಉಂಡು, ತೊಳೆದು, ಕುಡಿದೇ ಏಳಬೇಕು. ಆ ಸಿಟ್ಟಿನಲ್ಲೇ ಅವರು ಒಂದೂವರೆ ರೊಟ್ಟಿಯನ್ನು ಅಗಿದು ಅಗಿದು ನುಂಗಬೇಕಾಯಿತು. ಅಷ್ಟು ಹೊತ್ತೂ ಹೊರಗಿನಿಂದ ಅಪ್ಪ ಅವ್ವ ಏನೋ ಮಾತಾಡಿಕೊಂಡು ನಗುವುದು ಅವರಿಗೆ ಕೇಳುತ್ತಿತ್ತು. ದೊಡ್ಡಪ್ಪ ತಲೆಯನ್ನೇ ಎತ್ತಲಿಲ್ಲ.

ನಾನು ಅಟ್ಟದ ಏಣಿ ಹತ್ತಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಮೊರಗಳನ್ನು ಸರಿಸಿ, ಧೂಳಿನಲ್ಲಿ ಸೀನುತ್ತ, ಅಡ್ಡಣಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಇಳಿದೆ. ಕೆಳಗೆ ಅಜ್ಜಿ ಏಣಿ ಹಿಡಿದುಕೊಂಡು ನಿಂತಿದ್ದಳು. ಬಿದ್ದೇನೆಂದು ಹಿಡಿದಳೋ, ತಡೆಯಲೆಂದು ಹಿಡಿದಳೋ ಇವತ್ತಿಗೂ ತಿಳಿಯದು. ನಾನು ಅವಳ ತೋಳಿನ ಕೆಳಗೆ ನುಸುಳಿ, ಅಜ್ಜನ ತಟ್ಟೆಯ ಮುಂದಿನಿಂದಲೇ ಹಾದು, ಪಡಸಾಲೆಗೆ ಹೋಗಿ, ಅಪ್ಪನ ಮುಂದೆ ಅದನ್ನಿಟ್ಟು, ಪಿಂಗಾಣಿ ತಟ್ಟೆಯನ್ನು ಎತ್ತಿ ಅದರ ಮೇಲಿಟ್ಟೆ. ಸಾರು ಒಂದು ಕಡೆಗೆ ವಾಲಿತು. ಅವ್ವ ತನ್ನ ಪಕ್ಕದ ನೆಲವನ್ನು ತಟ್ಟಿ, ಬಾರೇ ಎಂದು ತವರಿನ ತೆಲುಗಿನಲ್ಲಿ ಕರೆದಳು.

"ರಾವೇ. ಕೂತ್ಕೋ."

ಅಂದಿನಿಂದ ಹನ್ನೆರಡು ದಿನ ನಮ್ಮ ಮನೆಯಲ್ಲಿ ಎರಡು ಸಾಲು. ಒಳಗೆ ಇಬ್ಬರದು, ಹೊರಗೆ ಮೂವರದು. ಕಾನ್ವೆಂಟಿನ ಮದರ್ ಸುಪೀರಿಯರ್ ನಮಗೆ ಒಬೀಡಿಯನ್ಸ್ ಎನ್ನುವುದನ್ನು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಕಲಿಸಿದ್ದರು. ಪಾಪ, ಒಳ್ಳೆಯ ಹೆಂಗಸು. ಆ ಪಡಸಾಲೆಯಲ್ಲಿ ಹನ್ನೆರಡು ದಿನ ಕೂತುಂಡವಳಿಗೆ ಅದು ಮತ್ತೆ ತಲೆಗೆ ಹತ್ತಲಿಲ್ಲ.

ಅಪ್ಪ ಹೊರಟ ದಿನ ಅವ್ವನೂ ಪೆಟ್ಟಿಗೆ ಕಟ್ಟಿದಳು. ಅಪ್ಪ ಹಡಗು ತರುವವರೆಗೆ ಮೊಳಕಾಲ್ಮುರಿನ ತವರಿನಲ್ಲಿರುತ್ತೇನೆ, ಆಮೇಲೆ ಅವರು ಇದ್ದ ಕಡೆ ಎಂದಳು. ಅಜ್ಜ ಮಿಲ್ಲಿನಿಂದ ಹೊರಗೆ ಬರಲಿಲ್ಲ. ಅಜ್ಜಿ ಬಂದಳು, ಬಸ್ ಸ್ಟ್ಯಾಂಡಿನವರೆಗೆ, ಬಿಸಿಲಿನಲ್ಲಿ, ಚಪ್ಪಲಿಯಿಲ್ಲದೆ. ಕೈಯಲ್ಲಿ ಎರಡು ಗಂಟು. ಒಂದರಲ್ಲಿ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ. ಇನ್ನೊಂದನ್ನು ಅಪ್ಪನ ಕೈಗೆ ಕೊಡದೆ ಬಸ್ಸಿನ ಕಿಟಕಿಯಿಂದ ನನ್ನ ತೊಡೆಯ ಮೇಲೆ ಇಟ್ಟಳು. ಹಳೆಯ ಸೀರೆಯಲ್ಲಿ ಸುತ್ತಿದ್ದರೂ ಮೂರು ಕಾಲುಗಳು ಕೈಗೆ ತಿಳಿದವು.

"ಈ ಮನ್ಯಾಗೆ ಇದಕ್ಕೆ ಜಾಗ ಇಲ್ಲ. ಅಲ್ಲಾದ್ರೂ ನೆಲದ ಮ್ಯಾಲೆ ಉಣ್ಣಬ್ಯಾಡ ಅನ್ನು ನಿಮ್ಮಪ್ಪಂಗೆ."

ಅಪ್ಪ ಎರಡು ಸೀಟು ಆಚೆ ಕೂತು ಎಲ್ಲ ಕೇಳುತ್ತಿದ್ದ. ಇದು ಮನೆಯಿಂದ ಹಾಕಿದ್ದೋ, ಹರಸಿ ಕಳಿಸಿದ್ದೋ ಎಂದು ಅವ್ವನೂ ನಾನೂ ಎಷ್ಟು ವರ್ಷ ವಾದ ಮಾಡಿದ್ದೇವೆ ಗೊತ್ತಿಲ್ಲ. ಅವ್ವ ಹರಸಿದ್ದು ಎನ್ನುತ್ತಿದ್ದಳು. ನಾನು ಎರಡೂ ಎನ್ನುತ್ತಿದ್ದೆ.

ಅಪ್ಪ ಹಡಗು ತಂದ. ಲೆಕ್ಕ ಹಾಕಿದ್ದ ದಿನವೇ ಬೊಂಬಾಯಿ ಮುಟ್ಟಿದ. ಆಮೇಲೆ ಅಡ್ಡಣಿಗೆ ನಮ್ಮ ಜೊತೆ ಬೊಂಬಾಯಿ, ಕೊಚ್ಚಿ, ವಿಶಾಖಪಟ್ಟಣದ ಕ್ವಾರ್ಟರ್ಸ್‌ಗಳನ್ನೆಲ್ಲ ಸುತ್ತಿತು. ಹಡಗಿನ ಊಟದ ಕೋಣೆ ವಾರ್ಡ್‌ರೂಮಿನಲ್ಲಿ ಫೋರ್ಕ್ ಹಿಡಿದು ಉಣ್ಣುವ ಆಫೀಸರ್ ಮನೆಗೆ ಬಂದು ಬಿಳಿ ಯೂನಿಫಾರ್ಮ್ ಬಿಚ್ಚಿ, ವಿಭೂತಿ ಹಚ್ಚಿ, ನೆಲಕ್ಕೆ ಕೂರುತ್ತಿದ್ದ. ಮಡಿ ಎಂದರೆ ಅದು, ಮತ್ತೊಂದಲ್ಲ. ಕೊಚ್ಚಿಯಲ್ಲಿದ್ದಾಗ ಎಂಜಿನ್ ರೂಮಿನ ಆ ಮನುಷ್ಯ ಒಂದು ಭಾನುವಾರ ಹೆಂಡತಿಯನ್ನು ಕರೆದುಕೊಂಡು ಊಟಕ್ಕೆ ಬಂದ. ಎದುರು ಕೂರಲು ಸಂಕೋಚಪಡುತ್ತಿದ್ದ. ಅಪ್ಪ ಅವನನ್ನು ಭುಜ ಹಿಡಿದು ಕೂರಿಸಿ, ತನ್ನ ಅಡ್ಡಣಿಗೆಯನ್ನು ಅವನ ಮುಂದಿಟ್ಟು, ತಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಆ ಮನುಷ್ಯ ಯಾವ ಜನ ಎಂದು ಅವತ್ತೂ ಕೇಳಲಿಲ್ಲ. ಊಟವಾದ ಮೇಲೆ ಅಪ್ಪ ನನಗೊಂದು ಪಾಕೆಟ್ ನೋಟ್‌ಬುಕ್ ತೋರಿಸಿದ. ಹಡಗಿನ ಲಾಗ್‌ನಲ್ಲಿ ಮನುಷ್ಯ ನೀರಿಗೆ ಬಿದ್ದ ಜಾಗವನ್ನು ಅಕ್ಷಾಂಶ ರೇಖಾಂಶ ಸಮೇತ ಬರೆದಿರುತ್ತಾರಂತೆ. ಆ ಅಂಕಿಗಳನ್ನು ಅವನು ಒಂದು ಹಾಳೆಯಲ್ಲಿ ಇಳಿಸಿಕೊಂಡಿದ್ದ, ಪೆನ್ಸಿಲ್ಲಿನಲ್ಲಿ, ಅಚ್ಚು ಹಾಕಿದಂಥ ಅಕ್ಷರದಲ್ಲಿ.

ಅಪ್ಪ ಕಮಾಂಡರ್ ಆಗಿ ರಿಟೈರ್ ಆದ. ಅದಕ್ಕೂ ಮೇಲಿನ ದರ್ಜೆ ಸಿಗಲಿಲ್ಲ. ಮೇಲಿನವರಿಗೆ ಕೇಳಿಸಬೇಕಾದ್ದನ್ನು ಬಿಟ್ಟು ಆದದ್ದನ್ನು ಬರೆಯುವವರಿಗೆ ಅದು ಎಲ್ಲಿಯೂ ಸಿಗುವುದಿಲ್ಲ. ಅಷ್ಟರಲ್ಲಿ ಅಜ್ಜ ಅಜ್ಜಿ ಇಬ್ಬರೂ ಹೋಗಿದ್ದರು. ಚಳ್ಳಕೆರೆಗೆ ಮರಳಿ, ಹಳೆಯ ಮನೆಗಲ್ಲ, ಊರಾಚೆ ಕಟ್ಟಿಸಿದ ಎರಡು ರೂಮಿನ ಮನೆಗೆ ಬಂದಾಗ, ಕಣ್ಣು ಮಂಜಾದ ಅದೇ ಅಯ್ಯನವರು ಹುಡುಕಿಕೊಂಡು ಬಂದರು. ಈಗ ತಡೆಯುವವರು ಯಾರೂ ಇಲ್ಲ, ಯಾವ ಶರತ್ತೂ ಇಲ್ಲ, ಕಟ್ಟಿಬಿಡುತ್ತೇನೆ ಎಂದರು. ಅಂದು ತಾವು ಬಾಯಿ ಬಿಡದೆ ಕೂತದ್ದು ಅವರನ್ನು ಇಷ್ಟು ವರ್ಷ ಚುಚ್ಚುತ್ತಿತ್ತು ಎಂದು ಕಾಣುತ್ತದೆ. ಅಪ್ಪ ಅವರ ಪಾದ ಮುಟ್ಟಿದ. ಆದರೆ ಬೇಡ ಎಂದ.

"ಕಳಕಂಡಿದ್ರೆ ಇನ್ನೊಂದು ಬೇಕು ಅಯ್ನೋರೆ. ನಂದು ಎಲ್ಲೈತೆ ಅಂತ ನಂಗೆ ಗೊತ್ತೈತೆ."

ಅಪ್ಪ ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಲು ತಳಕಿನ ಹೊಲಕ್ಕೆ ಒಯ್ದೆವು, ಅವನು ಈಜು ಕಲಿತ ಬಾವಿಯ ಪಕ್ಕ. ದೊಡ್ಡಪ್ಪ ಕೋಲೂರಿಕೊಂಡು ಬಂದಿದ್ದರು. ಮಡಿಬಟ್ಟೆಯಲ್ಲಿ ಒಂದು ಹೊಸ ಲಿಂಗ ತಂದಿದ್ದರು. ಬರಿಗೈಯಲ್ಲಿ ಹೇಗೆ ಕಳಿಸುವುದು ಎಂದು ಅಳುತ್ತಿದ್ದರು. ಆ ಅಳು ನಿಜವಾದದ್ದು. ಅವ್ವ ಅವರಿಗೆ, ಸ್ವಲ್ಪ ತಡೆಯಿರಿ ಭಾವ ಎಂದಳು. ಬ್ಲೌಸಿನಿಂದ ಆ ನೋಟ್‌ಬುಕ್ಕಿನ ಹಾಳೆಯನ್ನು ತೆಗೆದಳು. ಮಡಿಕೆಗಳಲ್ಲಿ ಸವೆದಿತ್ತು, ಅಂಕಿಗಳು ಓದಲು ಬರುತ್ತಿದ್ದವು. ಅದರ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ತೀಡಿ, ಗುಣಿಯಲ್ಲಿ ಕೂತಿದ್ದ ಅಪ್ಪನ ಎಡಗೈ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು. ಸುತ್ತ ನಿಂತವರಲ್ಲಿ ಗುಸುಗುಸು ಎದ್ದಿತು. ಅವ್ವ ತಿರುಗಿ ಎಲ್ಲರ ಮುಖವನ್ನೂ ಸಾಲಾಗಿ ನೋಡಿದಳು. ಗುಸುಗುಸು ನಿಂತಿತು. ದೊಡ್ಡಪ್ಪ ಮಡಿಬಟ್ಟೆಯನ್ನು ಮತ್ತೆ ಜೇಬಿಗೆ ಸೇರಿಸಿ, ಮೊದಲ ಹಿಡಿ ಮಣ್ಣು ತಾವೇ ಹಾಕಿದರು.

ಈಗ ದೊಡ್ಡಪ್ಪನ ಮಗ ಮಲ್ಲಣ್ಣ ಹಳೆಯ ಮನೆಯನ್ನು ರಿಪೇರಿ ಮಾಡಿಸಿ, ನಡುಮನೆಯಲ್ಲಿ ಮನೆತನದ ಹಿರಿಯರ ಫೋಟೋಗಳನ್ನು ಸಾಲಾಗಿ ಹಾಕಿಸುತ್ತಿದ್ದಾನೆ. ಒಂದು ಪುಸ್ತಕವನ್ನೂ ಪ್ರಿಂಟ್ ಮಾಡಿಸುತ್ತಾನಂತೆ. ಅಪ್ಪನ ಯೂನಿಫಾರ್ಮಿನ ಫೋಟೋ ಬೇಕು, ಗಾಜಿನ ಪೆಟ್ಟಿಗೆಯಲ್ಲಿ ಇಡಲು ಅಡ್ಡಣಿಗೆ ಬೇಕು, ಒಂದು ಪುಟ ಬರೆದುಕೊಡು ಎಂದು ಫೋನ್ ಮಾಡಿದ. ಇಷ್ಟು ಕಾಲದ ಮೇಲೆ ಸಾಲಿನಲ್ಲಿ ಜಾಗ ಸಿಕ್ಕಿತು ನೋಡಿ. ಫೋಟೋ ಕೊಡುತ್ತೇನೆ ಎಂದೆ. ಅಡ್ಡಣಿಗೆ ಕೊಡಲಾಗುವುದಿಲ್ಲ, ಅದು ಬಳಕೆಯಲ್ಲಿದೆ ಎಂದೆ. ನಿಜವೇ. ನನ್ನ ಮೊಣಕಾಲು ಮಡಚುವುದಿಲ್ಲ, ಆದ್ದರಿಂದ ಅದನ್ನು ಡೈನಿಂಗ್ ಟೇಬಲ್ಲಿನ ಮೇಲಿಟ್ಟು, ಅದರ ಮೇಲೆ ತಟ್ಟೆ ಇಟ್ಟು, ಗದ್ದದ ಮಟ್ಟಕ್ಕೆ ಬರುವ ಊಟವನ್ನು ಉಣ್ಣುತ್ತೇನೆ. ನೋಡಿದವರು ನಗುತ್ತಾರೆ. ನಗಲಿ. ಸಾರು ಈಗಲೂ ಒಂದು ಕಡೆಗೇ ವಾಲುತ್ತದೆ.

ಪುಟವನ್ನು ಬರೆದು ಕಳಿಸಿದೆ. ಇಲ್ಲಿ ಬರೆದದ್ದನ್ನೇ, ಚಿಕ್ಕದಾಗಿ. ಮಲ್ಲಣ್ಣ ಓದಿ, ಮತ್ತೆ ಫೋನ್ ಮಾಡಿದ. ಒಳ್ಳೆಯ ಹುಡುಗ, ಅವನಿಗೂ ಅರವತ್ತೈದು ದಾಟಿದೆ. ಸಮುದ್ರದಲ್ಲಿ ಲಿಂಗ ಕಳೆದದ್ದು, ಸಾಲಿನಿಂದ ಎಬ್ಬಿಸಿದ್ದು, ಮಣ್ಣು ಮಾಡುವಾಗ ಆದದ್ದು, ಇವನ್ನೆಲ್ಲ ಬಿಟ್ಟುಬಿಡು ಎಂದ. ನಾಲ್ಕು ಜನ ಸ್ವಾಮಿಗಳು ಬರುತ್ತಾರೆ, ಮಕ್ಕಳು ಮರಿ ಓದುತ್ತಾರೆ ಎಂದ.

"ಒಂದು ಸಾಲು ಬರಿಯಕ್ಕಾ. ಕೊನೀತನಕ ಚಿಕ್ಕಪ್ಪನ ಹತ್ರ ಲಿಂಗ ಇತ್ತು ಅಂತ. ನಿಂಗೇನು ನಷ್ಟ?"

"ಇತ್ತು ಅಂತ್ಲೇ ಬರ್ದೀನಲ್ಲೋ. ಎಲ್ಲಿತ್ತು ಅಂತಾನೂ ಬರ್ದೀನಿ."